ಪ್ರಾಚೀನ ಮುದ್ರಾಹರಳುಗಳು

ಅಗೇಟ್ ಮುಂತಾದ ಹರಳುಗಳಲ್ಲಿ ಚಿತ್ರವನ್ನು ಒಳಮುಖವಾಗಿ ಕೊರೆದು ಮುದ್ರೆಯಾಗಿ ಬಳಸುವ ಪದ್ಧತಿಯು ಪ್ರಾಚೀನ ಜಗತ್ತಿನಲ್ಲಿ ವ್ಯಾಪಕವಾಗಿತ್ತು. ಹಸಿ ಜೇಡಿಮಣ್ಣಿನ ಮೇಲೆ ಒತ್ತಿದಾಗ ಚಿತ್ರವು ಉಬ್ಬಾಗಿ ಮೂಡುತ್ತದೆ.

ಗ್ರೀಸ್ ದೇಶದ ಪೈಲೋಸ್‌ನಲ್ಲಿ ದೊರೆತ ಅಗೇಟ್ ಹರಳು ಇದಕ್ಕೆ ಉತ್ತಮ ನಿದರ್ಶನ. 2015ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ತಂಡವು ಸುಮಾರು 3,500 ವರ್ಷಗಳ ಹಿಂದಿನ ಯೋಧನೊಬ್ಬನ ಸಮಾಧಿಯನ್ನು ಉತ್ಖನನ ಮಾಡಿದಾಗ ಇದು ಬೆಳಕಿಗೆ ಬಂದಿತು. ಸುಣ್ಣದ ಪದರದಿಂದ ಮುಚ್ಚಿದ್ದ ಕಾರಣ ಮೊದಲು ಸಾಮಾನ್ಯ ಮಣಿಯಂತೆ ತೋರಿತ್ತು. ಸುಮಾರು ಒಂದು ವರ್ಷದ ಸಂರಕ್ಷಣಾ ಕಾರ್ಯದ ನಂತರ, ಕೇವಲ 3.6 ಸೆಂ.ಮೀ. ಅಗಲದ ಹರಳಿನಲ್ಲಿ ಮೂವರು ಯೋಧರ ಕಾಳಗದ ದೃಶ್ಯವು ಗೋಚರಿಸಿತು.

ಸಮಾಧಿಯು ಕದಡದೆ ಉಳಿದಿದ್ದರಿಂದ, ಹರಳನ್ನು ಯಾರೊಡನೆ, ಯಾವ ಕಾಲದಲ್ಲಿ ಇಡಲಾಯಿತೆಂಬುದನ್ನು ತಿಳಿಯುವುದು ಸಾಧ್ಯವಾಯಿತು. ಕಳ್ಳ ಅಗೆತದಿಂದ ಹೊರತೆಗೆದ ಹರಳಿನಿಂದ ಈ ಮಾಹಿತಿಯು ದೊರೆಯುವುದಿಲ್ಲ. ಆದುದರಿಂದ ಪ್ರಾಚ್ಯವಸ್ತುಗಳು ಕಂಡುಬಂದಲ್ಲಿ ಸಾರ್ವಜನಿಕರು ಅವುಗಳನ್ನು ತೊಳೆಯದೆ, ಸ್ಥಳಾಂತರಿಸದೆ, ಸಂಬಂಧಿಸಿದ ಅಧಿಕಾರಿಗಳಿಗೆ ಕೂಡಲೇ ತಿಳಿಸತಕ್ಕದ್ದು.