ಅಪ್ಪನ ನಡಿಗೆ ನಿಧಾನವಾದಾಗ

ದೀಪಾವಳಿಗೆ ಊರಿಗೆ ಹೋದಾಗ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲಾಗದೆ ಅಪ್ಪ ನನ್ನ ಕೈಗೆ ಕೊಟ್ಟರು. ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಾದೆ. ಯುಗಾದಿ ಹೊತ್ತಿಗೆ ಒಂದೇ ಕರೆಂಟ್ ಬಿಲ್ ಎರಡು ಸಲ ಕಟ್ಟಿದ್ದರು.

ಮರೆವಿಗೆಂದು ಹೋದರೆ ಡಾಕ್ಟರು ಅಪ್ಪನ ಕೈಹಿಡಿತ, ನಡಿಗೆಯನ್ನೂ ಪರೀಕ್ಷಿಸಿದರು. ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ಸಡಿಲ ಹಿಡಿತ, ನಿಧಾನ ನಡಿಗೆ, ಕಡಿಮೆ ಓಡಾಟ: ಐದರಲ್ಲಿ ಮೂರಿದ್ದರೆ ‘ಫ್ರೇಲ್ಟಿ’. 2001ರಿಂದ ಬಳಕೆಯಲ್ಲಿರುವ ಅಳತೆ ಇದು. ಹೀಗೆ ದೇಹ ಸೊರಗಿದವರಲ್ಲಿ ಮರೆವಿನ ಕಾಯಿಲೆಯ ಅಪಾಯವೂ ಹೆಚ್ಚು. ಬಿಪಿ, ಶುಗರ್, ಒಂಟಿತನ ಎರಡನ್ನೂ ಕೆಡಿಸುತ್ತವೆ.

ಸಮಾಧಾನವೆಂದರೆ, ಬೇಗ ಗಮನಿಸಿದರೆ ವ್ಯಾಯಾಮ, ಒಳ್ಳೆಯ ಊಟದಿಂದ ದೇಹ ಚೇತರಿಸಿಕೊಳ್ಳಬಹುದು. ಈಗ ದಿನಾ ಸಂಜೆ ಅಪ್ಪ ಅಮ್ಮನ ಜೊತೆ ವಾಕಿಂಗ್ ಹೋಗ್ತಾರೆ. ಫೋನಿನಲ್ಲಿ ‘ಊಟ ಆಯ್ತಾ?’ ಅನ್ನೋದಕ್ಕೂ ಮೊದಲು ನಾನು ಕೇಳೋದು, ‘ಇವತ್ತು ಎಲ್ಲಿವರೆಗೂ ಹೋಗಿದ್ರಿ ಅಪ್ಪಾ?’