ಆರತಿಗೊಬ್ಬಳು, ಕೀರ್ತಿಗೊಬ್ಬ... ಈಗ ಅದೂ ಹೆಚ್ಚಾಯಿತೇ? ಕರ್ನಾಟಕದ ಕುಟುಂಬಗಳು ಚಿಕ್ಕದಾಗಿದ್ದು ಹೇಗೆ, ಮುಂದೇನು?

'ಆರತಿಗೊಬ್ಬಳು, ಕೀರ್ತಿಗೊಬ್ಬ'. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಊರೂರಿನ ಗೋಡೆಗಳ ಮೇಲೆ ಕಾಣುತ್ತಿದ್ದ ಕಾಲದಲ್ಲಿ ಕನ್ನಡಿಗರ ಮನೆಮಾತಾಗಿದ್ದ ಮಾತಿದು. ಒಬ್ಬ ಮಗಳು, ಒಬ್ಬ ಮಗ ಇದ್ದರೆ ಸಾಕು ಎಂಬುದು ಇದರ ಅರ್ಥ. ಕರ್ನಾಟಕ ಈಗ ಆ ಗುರಿಯನ್ನೂ ದಾಟಿ ಕೆಳಗೆ ಬಂದಿದೆ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಒಟ್ಟು ಫಲವತ್ತತೆ ದರ 1.7.

ಈ ಅಂಕಿ ಹೊರಬಿದ್ದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. 'ಈಗಿನವರಿಗೆ ಮಕ್ಕಳೇ ಬೇಡ' ಎನ್ನುವುದು ಒಂದು. 'ಕೂಡು ಕುಟುಂಬ ಒಡೆದದ್ದೇ ಎಲ್ಲಕ್ಕೂ ಕಾರಣ' ಎನ್ನುವುದು ಇನ್ನೊಂದು. ಕರ್ನಾಟಕದ ಹಳ್ಳಿಗಳಲ್ಲೇ ನಡೆದ ಸಂಶೋಧನೆಗಳನ್ನು ನೋಡಿದರೆ ಈ ಎರಡೂ ಮಾತು ಪೂರ್ತಿ ನಿಜವಲ್ಲ ಎಂದು ತಿಳಿಯುತ್ತದೆ. ಮಕ್ಕಳು ಕಡಿಮೆಯಾದದ್ದರ ನಿಜವಾದ ಪರಿಣಾಮವೂ ನಾವು ಸಾಮಾನ್ಯವಾಗಿ ಚರ್ಚಿಸುವ ಜಾಗದಲ್ಲಿಲ್ಲ.

1.7 ಅಂದರೆ ಏನು?

ಈಗಿನ ಜನನ ಪ್ರಮಾಣವೇ ಮುಂದುವರಿದರೆ ಒಬ್ಬ ಮಹಿಳೆಗೆ ಜೀವಿತಾವಧಿಯಲ್ಲಿ ಸರಾಸರಿ ಎಷ್ಟು ಮಕ್ಕಳಾಗುತ್ತವೆ ಎಂಬುದೇ ಒಟ್ಟು ಫಲವತ್ತತೆ ದರ. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬಲು ಈ ದರ ಸುಮಾರು 2.1 ಇರಬೇಕು. ಅಪ್ಪ, ಅಮ್ಮನ ಬದಲಿಗೆ ಇಬ್ಬರು ಸಾಕಲ್ಲವೇ ಎಂದು ಕೇಳಬಹುದು. ಆದರೆ ಹುಟ್ಟಿದ ಎಲ್ಲರೂ ಪ್ರಾಯಕ್ಕೆ ಬರುವವರೆಗೆ ಬದುಕುವುದಿಲ್ಲ, ಜೊತೆಗೆ ಗಂಡು ಮಕ್ಕಳು ತುಸು ಹೆಚ್ಚು ಹುಟ್ಟುತ್ತಾರೆ. ಅದಕ್ಕಾಗಿ ಆ ಹೆಚ್ಚುವರಿ 0.1.

ಇದೇ ಸಮೀಕ್ಷೆಯಲ್ಲಿ ದೇಶದ ಸರಾಸರಿ 2.0. ಬಿಹಾರದಲ್ಲಿ 3.0 ಇದ್ದರೆ ಸಿಕ್ಕಿಂನಲ್ಲಿ ಕೇವಲ 1.1.

ಹಾಗಿದ್ದರೂ ಜನಸಂಖ್ಯೆ ಏರುತ್ತಲೇ ಇದೆಯಲ್ಲ ಎಂಬ ಪ್ರಶ್ನೆ ಸಹಜ. ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ್ದರಿಂದ ಈಗ ತಾಯ್ತನದ ವಯಸ್ಸಿನಲ್ಲಿರುವ ಮಹಿಳೆಯರ ಸಂಖ್ಯೆ ದೊಡ್ಡದು. ಒಬ್ಬೊಬ್ಬರಿಗೆ ಕಡಿಮೆ ಮಕ್ಕಳಾದರೂ ಒಟ್ಟು ಮೊತ್ತ ದೊಡ್ಡದಾಗುತ್ತದೆ. ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ ಆಮೇಲೆ ಇಳಿಯುತ್ತದೆ ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು.

ಇಳಿಕೆ ಶುರುವಾದದ್ದು ಯಾವಾಗ?

ಇದು ಮೊಬೈಲ್ ಯುಗದ ಬೆಳವಣಿಗೆ ಅಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಗರ್ಭನಿರೋಧ ಕುರಿತ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವು ಎಂದು ಇತಿಹಾಸಕಾರರು ಗುರುತಿಸುತ್ತಾರೆ. 1951-52ರಲ್ಲಿ ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆ ಜಂಟಿಯಾಗಿ ಮೈಸೂರು ರಾಜ್ಯದಲ್ಲಿ ದೊಡ್ಡದೊಂದು ಜನಸಂಖ್ಯಾ ಅಧ್ಯಯನ ನಡೆಸಿದವು. 1961ರಲ್ಲಿ ಪ್ರಕಟವಾದ 'ಮೈಸೂರು ಜನಸಂಖ್ಯಾ ಅಧ್ಯಯನ' ಇಂದಿಗೂ ಈ ಕ್ಷೇತ್ರದ ವಿದ್ಯಾರ್ಥಿಗಳು ಓದುವ ವರದಿ.

ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ಕುಟುಂಬ ಆರೋಗ್ಯ ಸಮೀಕ್ಷೆಗಳನ್ನು ಸಾಲಾಗಿಟ್ಟರೆ ಇಳಿಕೆಯ ಹಾದಿ ಸ್ಪಷ್ಟವಾಗುತ್ತದೆ. 1992-93ರಲ್ಲಿ ಕರ್ನಾಟಕದ ದರ ಸುಮಾರು 2.9. 1998-99ರ ಹೊತ್ತಿಗೆ 2.1. 2015-16ರಲ್ಲಿ 1.8, ಆಮೇಲೆ 1.7. ಅಂದರೆ ಶತಮಾನ ಮುಗಿಯುವ ಮೊದಲೇ ರಾಜ್ಯ 'ಇಬ್ಬರು ಸಾಕು' ಎಂಬ ಹಂತ ತಲುಪಿತ್ತು.

ಜನ ಮನಸ್ಸು ಬದಲಿಸಿದ್ದೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ದಕ್ಷಿಣ ಕರ್ನಾಟಕದ ಹಳ್ಳಿಗಳಿಗೆ ಬಂದರು. ಬೆಂಗಳೂರಿನ ಪಿ.ಎಚ್. ರೆಡ್ಡಿ ಅವರ ಜೊತೆಗಾರರು. ಪ್ರಶ್ನಾವಳಿ ತುಂಬಿಸಿಕೊಂಡು ಹೊರಡುವ ಸಮೀಕ್ಷೆ ಇದಾಗಿರಲಿಲ್ಲ. ಮಾನವಶಾಸ್ತ್ರಜ್ಞರಂತೆ ಹಳ್ಳಿಯವರೊಡನೆ ಒಡನಾಡಿ, ಮನೆಮನೆಯವರ ಜೊತೆ ಮತ್ತೆ ಮತ್ತೆ ಮಾತಾಡಿ ನಡೆಸಿದ ಅಧ್ಯಯನವದು. ಇದರ ಫಲಿತಾಂಶಗಳು 1982ರಿಂದ ಪ್ರಬಂಧಗಳಾಗಿ, 1988ರಲ್ಲಿ ಪುಸ್ತಕವಾಗಿ ಹೊರಬಂದವು.

ಕಾಲ್ಡ್‌ವೆಲ್ 1976ರಲ್ಲೇ ಒಂದು ಸಿದ್ಧಾಂತ ಮಂಡಿಸಿದ್ದರು. ಸಂಪತ್ತು ಮಕ್ಕಳಿಂದ ಹೆತ್ತವರ ಕಡೆಗೆ ಹರಿಯುವ ಸಮಾಜದಲ್ಲಿ ಹೆಚ್ಚು ಮಕ್ಕಳಿರುವುದು ಲಾಭ. ಅದು ಹೆತ್ತವರಿಂದ ಮಕ್ಕಳ ಕಡೆಗೆ ಹರಿಯಲು ಶುರುವಾದರೆ ಕಡಿಮೆ ಮಕ್ಕಳೇ ಜಾಣತನ. ದನ ಕಾಯುವ, ಕಳೆ ಕೀಳುವ, ತಂಗಿ-ತಮ್ಮಂದಿರನ್ನು ಎತ್ತಿಕೊಳ್ಳುವ ಹತ್ತು ವರ್ಷದ ಮಗು ಮನೆಗೆ ದುಡಿಮೆ ಕೊಡುತ್ತದೆ. ಅದೇ ಮಗು ಶಾಲೆಗೆ ಹೋದರೆ ದುಡಿಮೆ ನಿಲ್ಲುತ್ತದೆ. ಬಟ್ಟೆ, ಪುಸ್ತಕ, ಫೀಸು ಎಂದು ಖರ್ಚು ಶುರುವಾಗುತ್ತದೆ. ಹರಿವು ತಿರುಗಿಸಿದ್ದರಲ್ಲಿ ಶಾಲೆಯ ಪಾತ್ರ ದೊಡ್ಡದು ಎಂಬುದು ಕರ್ನಾಟಕದ ಹಳ್ಳಿಗಳಲ್ಲೂ ಕಂಡುಬಂತು. ಜಮೀನು ಹರಿದು ಹಂಚಿಹೋಗುವ ಭಯ, ಮಗನಿಗೆ ಪಟ್ಟಣದಲ್ಲಿ ನೌಕರಿ ಸಿಕ್ಕರೆ ಸಾಕೆಂಬ ಆಸೆ, ಹೆಣ್ಣಿಗೆ ತೆರ ಕೊಡುತ್ತಿದ್ದ ಪದ್ಧತಿ ಹೋಗಿ ಬಂದ ವರದಕ್ಷಿಣೆಯ ಹೊರೆ, ಎಲ್ಲವೂ ಒಂದೇ ದಿಕ್ಕಿಗೆ ತಳ್ಳಿದವು.

ಇನ್ನೊಂದು ಕಾರಣ ಮಕ್ಕಳು ಬದುಕಿ ಉಳಿದದ್ದು. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿದಿತ್ತು. ಇಬ್ಬರನ್ನು ಹೆತ್ತರೆ ಇಬ್ಬರೂ ಉಳಿಯುತ್ತಾರೆ ಎಂಬ ಧೈರ್ಯ ಬಂದ ಮೇಲೆ ಐವರನ್ನು ಹೆರುವ ಅಗತ್ಯವೇ ಉಳಿಯಲಿಲ್ಲ.

ಆದ್ದರಿಂದ ಇದನ್ನು ಇಂದಿನ ಯುವಜನರ ಸ್ವಾರ್ಥ ಎನ್ನುವುದು ತಪ್ಪು. 'ಸಾಕು' ಎಂದು ಮೊದಲು ನಿರ್ಧರಿಸಿದವರು ಇವರ ಅಜ್ಜ-ಅಜ್ಜಿಯರು. ಆ ನಿರ್ಧಾರದ ಭಾರ ಹೊತ್ತವಳು ಮಾತ್ರ ಬಹುಪಾಲು ಹೆಣ್ಣು. ಐದನೇ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ.38ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಪುರುಷರ ಶಸ್ತ್ರಚಿಕಿತ್ಸೆಯ ಪಾಲು ಶೇ.0.3. ಕರ್ನಾಟಕದಲ್ಲಂತೂ 'ಆಪರೇಷನ್' ಮಾಡಿಸಿಕೊಂಡ ಮಹಿಳೆಯರು ಅರ್ಧಕ್ಕಿಂತ ಹೆಚ್ಚು.

ಕೂಡು ಕುಟುಂಬ ನಿಜಕ್ಕೂ ಒಡೆಯಿತೇ?

ಹಿಂದೆ ಎಲ್ಲರೂ ದೊಡ್ಡ ಕೂಡು ಕುಟುಂಬಗಳಲ್ಲಿ ಇದ್ದರು ಎಂಬ ನಂಬಿಕೆಯನ್ನು ಸಮಾಜಶಾಸ್ತ್ರಜ್ಞ ಎ.ಎಂ. ಶಾ 1973ರ ತಮ್ಮ ಪುಸ್ತಕದಲ್ಲಿ ಪ್ರಶ್ನಿಸಿದರು. ಗುಜರಾತಿನ ಒಂದು ಹಳ್ಳಿಯ 1825ರ ದಾಖಲೆಗಳನ್ನು ಅವರು ಪರಿಶೀಲಿಸಿದಾಗ ಆ ಕಾಲದಲ್ಲೂ ಚಿಕ್ಕ ಮನೆಗಳೇ ಹೆಚ್ಚಿದ್ದವು. ಒಂದೇ ಒಲೆಯಲ್ಲಿ ಉಣ್ಣುವ 'ಮನೆ' ಬೇರೆ, ನೆಂಟಸ್ತಿಕೆಯ 'ಕುಟುಂಬ' ಬೇರೆ, ಎರಡನ್ನೂ ಬೆರೆಸಬಾರದು ಎಂಬುದು ಅವರ ವಾದ.

ಸ್ವಲ್ಪ ಯೋಚಿಸಿದರೆ ಇದು ಅರ್ಥವಾಗುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಅಜ್ಜ, ಮಗ, ಮೊಮ್ಮಗ ಒಂದೇ ಸೂರಿನಡಿ ಬಹುಕಾಲ ಇರಬೇಕಾದರೆ ಅಜ್ಜ ಬದುಕಿರಬೇಕಲ್ಲ? ಹಾಗಾಗಿ ಒಂದೇ ಸೂರಿನ ಕೆಳಗೆ ಎಷ್ಟು ಜನರಿದ್ದರು ಎನ್ನುವುದಕ್ಕಿಂತ ಕರೆದರೆ ಬರುವ ನೆಂಟರು ಎಷ್ಟಿದ್ದರು ಎಂಬುದು ದೊಡ್ಡ ಪ್ರಶ್ನೆ. ನಿಜವಾದ ಬದಲಾವಣೆ ಇರುವುದು ಅಲ್ಲಿಯೇ.

ಚಿಕ್ಕಪ್ಪ, ದೊಡ್ಡಮ್ಮ ಎಲ್ಲಿ ಹೋದರು?

ಒಂದು ಸರಳ ಲೆಕ್ಕ ಹಾಕೋಣ. ಪ್ರತಿ ದಂಪತಿಗೂ ನಾಲ್ವರು ಮಕ್ಕಳು, ಎಲ್ಲರೂ ಬದುಕಿ ಮದುವೆಯಾಗುತ್ತಾರೆ ಎಂದುಕೊಳ್ಳಿ. ಆಗ ನಿಮಗೆ ಮೂವರು ಒಡಹುಟ್ಟಿದವರು. ಅಪ್ಪನ ಕಡೆ ಮೂವರು, ಅಮ್ಮನ ಕಡೆ ಮೂವರು, ಒಟ್ಟು ಆರು ಮಂದಿ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮಂದಿರು. ಅವರ ಮಕ್ಕಳು 24.

ಪ್ರತಿ ದಂಪತಿಗೆ ಇಬ್ಬರೇ ಆದರೆ? ಒಬ್ಬ ಒಡಹುಟ್ಟು, ಅಪ್ಪ-ಅಮ್ಮನ ಕಡೆ ತಲಾ ಒಬ್ಬರಂತೆ ಇಬ್ಬರು, ಅವರ ಮಕ್ಕಳು ನಾಲ್ವರು. ಎಲ್ಲರಿಗೂ ಒಂದೇ ಮಗು ಎಂದರೆ ಮೂರೂ ಕಡೆ ಸೊನ್ನೆ. ಮಕ್ಕಳ ಸಂಖ್ಯೆ ಅರ್ಧಕ್ಕಿಳಿದಾಗ ನೆಂಟರ ಮಕ್ಕಳ ಸಂಖ್ಯೆ ಅರ್ಧಕ್ಕಲ್ಲ, ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಕನ್ನಡದ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಎಲ್ಲ ಮನೆಗಳಲ್ಲೂ ಆರತಿಗೊಬ್ಬಳು, ಕೀರ್ತಿಗೊಬ್ಬ ಇದ್ದರೆ ಅಪ್ಪನಿಗೆ ಒಬ್ಬಳು ಸೋದರಿ, ಅಮ್ಮನಿಗೆ ಒಬ್ಬ ಸೋದರ ಮಾತ್ರ. ಅಂದರೆ ಸೋದರತ್ತೆ, ಸೋದರಮಾವ ಉಳಿಯುತ್ತಾರೆ. ಚಿಕ್ಕಪ್ಪ, ದೊಡ್ಡಪ್ಪ, ಚಿಕ್ಕಮ್ಮ, ದೊಡ್ಡಮ್ಮ ಎಂಬ ಒಡಹುಟ್ಟಿನ ಸಂಬಂಧಗಳು ಇಲ್ಲವಾಗುತ್ತವೆ. ಒಂದೇ ಮಗುವಿನ ಮನೆಗಳಲ್ಲಿ ಮುಂದಿನ ತಲೆಮಾರಿಗೆ ಸೋದರಮಾವನೂ ಇಲ್ಲ. ಮದುವೆಯಲ್ಲಿ ಹಸೆಮಣೆಗೆ ಕರೆತರಲು ದೂರದ ಸಂಬಂಧಿಯನ್ನು ಹುಡುಕಬೇಕು.

ಮದುವೆ ಸಂಬಂಧಗಳ ಮೇಲೂ ಇದರ ಪರಿಣಾಮವಿದೆ. ದಕ್ಷಿಣ ಭಾರತದಲ್ಲಿ ನೆಂಟರೊಳಗೇ ಹೆಣ್ಣು-ಗಂಡು ತರುವ ಪದ್ಧತಿಯನ್ನು ಪುಣೆಯ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ವಿವರಿಸಿದ್ದರು. ಐದನೇ ಸಮೀಕ್ಷೆಯಲ್ಲೂ ಕರ್ನಾಟಕದ ಶೇ.27ರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ದೇಶದ ಸರಾಸರಿ ಶೇ.11. ತರಲು ಮಾವನ ಮಗಳು, ಅತ್ತೆಯ ಮಗನೇ ಇಲ್ಲದ ಮೇಲೆ ಈ ಪದ್ಧತಿಯೂ ತಾನಾಗಿ ಸಣ್ಣದಾಗಬೇಕಾಗುತ್ತದೆ.

ಊರಲ್ಲಿ ಉಳಿದವರು ಯಾರು?

ನೆಂಟರು ಕಡಿಮೆಯಾದರೆ ಮೊದಲು ಕಷ್ಟವಾಗುವುದು ವಯಸ್ಸಾದವರಿಗೆ. ಕೇಂದ್ರ ಸರ್ಕಾರದ ತಜ್ಞರ ತಂಡದ ಅಂದಾಜಿನಂತೆ ಕರ್ನಾಟಕದಲ್ಲಿ 60 ದಾಟಿದವರ ಪಾಲು 2021ರಲ್ಲಿ ಶೇ.11.5 ಇತ್ತು, 2031ಕ್ಕೆ ಶೇ.15 ಆಗಲಿದೆ.

ಇದು ಎಲ್ಲ ಜಿಲ್ಲೆಗಳಲ್ಲಿ ಒಂದೇ ಥರ ಇಲ್ಲ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು ಶೇ.47ರಷ್ಟು ಬೆಳೆಯಿತು. ಕೊಡಗು ಶೇ.1ರಷ್ಟು ಮಾತ್ರ ಬೆಳೆದರೆ, ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ತುಸು ಇಳಿದೇಹೋಯಿತು. ಉಡುಪಿಯಲ್ಲಿ ಪ್ರತಿ 1,000 ಪುರುಷರಿಗೆ 1,094 ಮಹಿಳೆಯರು ಇದ್ದರು. ದುಡಿಯಲು ಗಂಡಸರು ಮುಂಬೈಗೆ, ಕೊಲ್ಲಿ ದೇಶಗಳಿಗೆ ಹೋಗುವುದು ಇದಕ್ಕೊಂದು ಕಾರಣ. ಕಡಿಮೆ ಜನನ ಮತ್ತು ವಲಸೆ ಎರಡೂ ಸೇರಿದ ಕಡೆ ಮನೆಯಲ್ಲಿ ಉಳಿಯುವುದು ಹಿರಿಯರೇ.

ಇದು ಹೊರನಾಡಿನಲ್ಲಿರುವ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಹಿಂದಿನ ತಲೆಮಾರಿನಲ್ಲಿ ಒಬ್ಬ ಮಗ ಮುಂಬೈಗೆ ಹೋದರೆ ಊರಿನಲ್ಲಿ ಇನ್ನೊಬ್ಬ ಮಗನೋ, ಪಕ್ಕದೂರಿನಲ್ಲಿ ಮಗಳೋ ಇರುತ್ತಿದ್ದರು. ಈಗ ಇರುವ ಇಬ್ಬರಲ್ಲಿ ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಹೈದರಾಬಾದ್‌ನಲ್ಲಿ ಇದ್ದರೆ ರಾತ್ರಿ ಅಮ್ಮ ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯುವವರು ನೆರೆಯವರೇ. 2017-18ರಲ್ಲಿ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿದ ವೃದ್ಧಾಪ್ಯ ಅಧ್ಯಯನದ ಪ್ರಕಾರ, ದೇಶದ ಹಿರಿಯರಲ್ಲಿ ಸುಮಾರು ಶೇ.6ರಷ್ಟು ಮಂದಿ ಒಬ್ಬಂಟಿ, ಸುಮಾರು ಶೇ.20ರಷ್ಟು ಮಂದಿ ಗಂಡ-ಹೆಂಡತಿ ಇಬ್ಬರೇ ಇರುವವರು. ಆ ಇಬ್ಬರಲ್ಲಿ ಒಬ್ಬರು ತೀರಿಕೊಂಡ ದಿನ ಇನ್ನೊಬ್ಬರು ಒಬ್ಬಂಟಿ.

ಹಾಗಾದರೆ ಹೆಚ್ಚು ಮಕ್ಕಳನ್ನು ಹೆರಬೇಕೇ?

ದಕ್ಷಿಣದ ರಾಜಕಾರಣದಲ್ಲಿ ಈಗ ಆ ಮಾತೂ ಕೇಳಿಬರುತ್ತಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮವನ್ನು ಆಂಧ್ರಪ್ರದೇಶ 2024ರಲ್ಲಿ ರದ್ದುಪಡಿಸಿತು. ಜನಸಂಖ್ಯೆ ನಿಯಂತ್ರಿಸಿದ್ದಕ್ಕೆ ಶಿಕ್ಷೆಯೇ ಎಂಬ ಅಸಮಾಧಾನಕ್ಕೆ ಕಾರಣಗಳೂ ಇವೆ. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ.4.713 ಇದ್ದದ್ದು 15ನೇ ಆಯೋಗದಲ್ಲಿ ಶೇ.3.647ಕ್ಕೆ ಇಳಿಯಿತು. ತಲಾ ಆದಾಯದ ಲೆಕ್ಕದ ಜೊತೆಗೆ 2011ರ ಜನಸಂಖ್ಯೆಯನ್ನು ಆಧಾರವಾಗಿ ಹಿಡಿದದ್ದೂ ಇದಕ್ಕೆ ಕಾರಣ. 1971ರ ಜನಗಣತಿಯ ಮೇಲೆ ನಿಂತಿರುವ ಲೋಕಸಭಾ ಸ್ಥಾನ ಹಂಚಿಕೆಯ ಪ್ರಶ್ನೆ ಬೇರೆ ಇದೆ.

ಇವು ರಾಜ್ಯಗಳ ನಡುವಿನ ನ್ಯಾಯದ ಪ್ರಶ್ನೆಗಳು, ಅಲ್ಲಿಯೇ ಇತ್ಯರ್ಥವಾಗಬೇಕು. ಹೆರಿಗೆ ಕೋಣೆಯಲ್ಲಿ ಇವಕ್ಕೆ ಉತ್ತರ ಸಿಗುವುದಿಲ್ಲ. ಮಕ್ಕಳಿಗಾಗಿ ವರ್ಷಗಳಿಂದ ಅಪಾರ ಹಣ ಸುರಿದ ದಕ್ಷಿಣ ಕೊರಿಯಾದ ದರ 2023ರಲ್ಲಿ 0.72ಕ್ಕೆ ಕುಸಿದಿತ್ತು. ಶಾಲೆ, ಬಾಡಿಗೆ, ನೌಕರಿಯ ಲೆಕ್ಕ ಹಾಕಿ ಕುಟುಂಬಗಳು ತೆಗೆದುಕೊಂಡ ತೀರ್ಮಾನ ಭಾಷಣದಿಂದ ಬದಲಾಗುವುದಿಲ್ಲ. ಇಂದೇ ಹೆಚ್ಚು ಮಕ್ಕಳು ಹುಟ್ಟಿದರೂ ಅವರು ದುಡಿಯುವ ವಯಸ್ಸಿಗೆ ಬರಲು ಇಪ್ಪತ್ತು ವರ್ಷ ಬೇಕು. ಇಂದು 65 ದಾಟಿದವರು ಅಷ್ಟು ಕಾಯಲಾರರು.

ಮಾಡಬೇಕಾದ ಕೆಲಸ ಬೇರೆ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಯೋಜನೆಯಲ್ಲಿ 60ರಿಂದ 79ರ ವಯಸ್ಸಿನ ಬಡ ಹಿರಿಯರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ ಮಾತ್ರ. ಉಳಿದದ್ದನ್ನು ರಾಜ್ಯಗಳು ಸೇರಿಸಬೇಕು. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ ಎಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಇರುವ ಒಂದೇ ಮಗು ಸಾವಿರ ಕಿಲೋಮೀಟರ್ ದೂರದಲ್ಲಿದ್ದರೆ ಕಾಯ್ದೆ ಹಣ ಕೊಡಿಸಬಹುದು, ಕೈ ಹಿಡಿದು ನಡೆಸಲಾರದು. ತಾಲ್ಲೂಕು ಮಟ್ಟದಲ್ಲಿ ಹಿರಿಯರ ಚಿಕಿತ್ಸೆ, ಮನೆಗೆ ಬಂದು ಆರೈಕೆ ಮಾಡುವ ತರಬೇತಾದ ಸಿಬ್ಬಂದಿ, ಹಗಲು ಹೊತ್ತಿನ ಆರೈಕೆ ಕೇಂದ್ರಗಳು ಇನ್ನು ಶಾಲೆ-ಅಂಗನವಾಡಿಯಷ್ಟೇ ಅಗತ್ಯ.

ಮನೆಯೊಳಗೂ ಒಂದು ಮಾತುಕತೆ ಆಗಬೇಕು. ಹೆತ್ತವರಿಗೆ ಆರೋಗ್ಯ ವಿಮೆ ಇದೆಯೇ, ಅವಸರಕ್ಕೆ ಊರಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಅಮ್ಮ ಒಬ್ಬಳೇ ಆದರೆ ಎಲ್ಲಿರಲು ಅವಳಿಗೆ ಇಷ್ಟ ಎಂಬುದನ್ನು ಕಾಯಿಲೆ ಬರುವ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಹಿಂದೆ ಈ ಪ್ರಶ್ನೆಗಳಿಗೆ ಚಿಕ್ಕಪ್ಪ, ದೊಡ್ಡಮ್ಮಂದಿರೇ ಉತ್ತರವಾಗಿದ್ದರು. ಅವರಿಲ್ಲದ ಮನೆಗಳಲ್ಲಿ ಉತ್ತರವನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಬೇಕಾಗುತ್ತದೆ.