ಡಿಜಿಟಲ್ ಬ್ಯಾಡ್ಜ್: ಅಸಲಿ ಯಾವುದು, ನಕಲಿ ಯಾವುದು?

ಹೈಸ್ಕೂಲ್ ಮಕ್ಕಳು ಗಳಿಸುವ ಡಿಜಿಟಲ್ ಬ್ಯಾಡ್ಜನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದಲ್ಲವೇ? ಪೀಣ್ಯದ ಕಾರ್ಖಾನೆಯವರು ಅದನ್ನು ಹೇಗೆ ನಂಬಬೇಕು?

ಡಿಜಿಟಲ್ ಬ್ಯಾಡ್ಜ್ ನೋಡಲು ಒಂದು ಸಣ್ಣ ಚಿತ್ರ. ಬೆಲೆಯಿರುವುದು ಅದರೊಳಗೆ ಸೇರಿಸಿದ ಮಾಹಿತಿಗೆ: ಪಡೆದವರು ಯಾರು, ಕೊಟ್ಟ ಸಂಸ್ಥೆ ಯಾವುದು, ಏನು ಮಾಡಿ ತೋರಿಸಿದ್ದಕ್ಕೆ, ಯಾವ ದಿನ. 2011ರಲ್ಲಿ ಮೊಜಿಲ್ಲಾ ಆರಂಭಿಸಿದ ‘ಓಪನ್ ಬ್ಯಾಡ್ಜಸ್’ ಇದಕ್ಕೊಂದು ಸಮಾನ ನಮೂನೆ ಒದಗಿಸಿತು.

ಚಿನ್ನದ ಹಾಲ್‌ಮಾರ್ಕ್ ಇದ್ದಂತೆ ಇದು. ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಸಂಕೇತವನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ವಿವರ ಮೂಲ ದಾಖಲೆಯಿಂದಲೇ ಬರುತ್ತದೆ. ಅಂಗಡಿಯವರ ಮಾತು ಬೇಕಿಲ್ಲ. ಬ್ಯಾಡ್ಜ್ ಒತ್ತಿದಾಗಲೂ ತೆರೆದುಕೊಳ್ಳುವುದು ಕೊಟ್ಟ ಸಂಸ್ಥೆಯ ದಾಖಲೆ. ಚಿತ್ರವನ್ನಷ್ಟೇ ಕದ್ದವರ ಹೆಸರು ಅಲ್ಲಿರುವುದಿಲ್ಲ. ಡಿಜಿಟಲ್ ಸಹಿಯಿರುವ ಬ್ಯಾಡ್ಜ್ ಆದರೆ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗದು.

ಇಷ್ಟಾದರೂ ಖಾತರಿಯಾಗುವುದು ಕೊಟ್ಟವರು, ಪಡೆದವರು ಯಾರೆಂಬುದು ಮಾತ್ರ, ಕೈ ಪಳಗಿದೆಯೆಂಬುದಲ್ಲ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಯವರು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಅಡಿ ಐಟಿ, ಆಟೊಮೊಬೈಲ್‌ನಂಥ ವೃತ್ತಿ ವಿಷಯ ಕಲಿಯುತ್ತಾರೆ. ಅಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಆದರೆ ಎಲ್ಲ ಬ್ಯಾಡ್ಜೂ ಅಂಥ ಪರೀಕ್ಷೆಯ ನಂತರವೇ ಸಿಗುವುದಿಲ್ಲ. ಹಾಗಾಗಿ ಬ್ಯಾಡ್ಜ್‌ನಲ್ಲಿ ‘ತರಬೇತಿಗೆ ಹಾಜರಾಗಿದ್ದಾರೆ’ ಎಂದಿದೆಯೋ, ‘ಲೇತ್‌ನಲ್ಲಿ ಹೇಳಿದ ಅಳತೆಗೆ ಶಾಫ್ಟ್ ಕಡೆದು ತೋರಿಸಿದ್ದಾರೆ’ ಎಂದಿದೆಯೋ ಎಂಬುದನ್ನು ಕಾರ್ಖಾನೆಯ ಸೂಪರ್‌ವೈಸರ್ ಮೊದಲು ಓದಬೇಕು.